ಹಸಿರು ದಾರಿಯಲ್ಲಿ ಬಂದ ಬಳೆ

ಸವಿತಾ ಪಾತ್ರೆ ತಿಕ್ಕುತ್ತಿದ್ದಳು. ಒಲೆಯ ಮೇಲೆ ಬೇಳೆ ಬೇಯುತ್ತಿತ್ತು.

ತುಂಬಿದ ಹೊಟ್ಟೆಗೆ ಜಾಗ ಬಿಟ್ಟು, ಕಾಲು ಅಗಲಿಸಿ, ಬಚ್ಚಲ ಮೂಲೆಯಲ್ಲಿ ಮಣೆ ಹಾಕಿಕೊಂಡು ಕೂತಿದ್ದಳು. ಎದುರಿಗೆ ಎರಡು ತಟ್ಟೆ, ಒಂದು ಬೋಗುಣಿ, ತಳ ಹಿಡಿದ ಅನ್ನದ ಪಾತ್ರೆ. ತಂತಿ ನಾರಿಗೆ ಸೋಪು ಸವರುವುದು, ತಿಕ್ಕುವುದು, ಚೊಂಬಿನಿಂದ ಚೂರೇ ನೀರು ಬಿಡುವುದು. ಹೂಡಿಯ ಈ ಶೀಟಿನ ಮನೆಗಳ ಸಾಲಿನಲ್ಲಿ ಟ್ಯಾಂಕರ್ ಬರುವವರೆಗೆ ನೀರನ್ನು ಹಾಗೆಯೇ ಬಳಸಬೇಕು.

ಶಶಿಕಲಾ ಪೇಂಟಿನ ಖಾಲಿ ಡಬ್ಬವನ್ನು ಬೋರಲು ಹಾಕಿ ಅವಳ ಎದುರು ಕೂತಿದ್ದಳು. ಸವಿತಾಳ ಅಕ್ಕ ಕೆಲಸಕ್ಕಿದ್ದ ಮನೆಯ ಡ್ರೈವರ್ ಸತ್ತಿದ್ದ, ಅದನ್ನು ವಿಚಾರಿಸಲು ಬಂದು ಬಹಳ ಹೊತ್ತಾಗಿತ್ತು. ಕೇಳಬೇಕಾದ್ದನ್ನೆಲ್ಲ ಕೇಳಿದ್ದಾಗಿತ್ತು, ಉತ್ತರ ಮಾತ್ರ ಬಂದಿರಲಿಲ್ಲ. ಹೆಡ್ ಕಾನ್‌ಸ್ಟೇಬಲ್ ಕೆಲಸ ಬಿಟ್ಟು ಸ್ವಂತ ಪತ್ತೇದಾರಿಕೆಗೆ ಇಳಿದ ಮೇಲೂ ಜನ ಅವಳ ನಡಿಗೆ ನೋಡಿದ ಕೂಡಲೇ ಪೊಲೀಸು ಎಂದು ಬಾಯಿ ಮುಚ್ಚಿಕೊಳ್ಳುತ್ತಿದ್ದರು.

ಹಾಗಾಗಿ ಅವಳು ಸವಿತಾಳ ಕೈಗಳನ್ನು ನೋಡುತ್ತ ಕೂತಿದ್ದಳು.

ಮುಂಗೈ ತುಂಬ ಹಸಿರು ಗಾಜಿನ ಬಳೆ. ಕುಬಸದ, ಅಂದರೆ ಸೀಮಂತದ ದಿನ ತೊಡಿಸಿದ್ದಿರಬೇಕು. ಅವುಗಳ ನಡುವೆ ಕೈಗೆ ಮೂರರಂತೆ ದಪ್ಪನೆಯ ಬಿಳಿ ಬಳೆ, ಸಂತೆಯಲ್ಲಿ ಸಿಗುವ ಸ್ಟೀಲ್ ಬಳೆಯ ಹಾಗೆ. ಆದರೆ ಒಂದಕ್ಕೊಂದು ತಾಗಿದಾಗ ಅವು ಸ್ಟೀಲಿನಂತೆ ಸದ್ದು ಮಾಡುತ್ತಿರಲಿಲ್ಲ. ಸದ್ದು ಮೆತ್ತಗಿತ್ತು, ಭಾರವಾಗಿತ್ತು.

ಸವಿತಾ ಪಾತ್ರೆಯ ತಳಕ್ಕೆ ಕೈ ಹಾಕಿ ಒತ್ತಿ ತಿಕ್ಕಿದಳು. ತಂತಿ ನಾರು ಬಳೆಯ ಅಂಚಿಗೂ ಉಜ್ಜಿತು. ಸೋಪಿನ ನೊರೆ ಜಾರಿದ ಕಡೆ ಒಂದು ಗೆರೆ ಕಂಡಿತು. ಹಳದಿ ಗೆರೆ.

ಶಶಿಕಲಾ ಎದ್ದು ಬಂದು ಅವಳ ಮುಂಗೈ ಹಿಡಿದುಕೊಂಡಳು.

ಪೀಣ್ಯದ ಲೋಹಲೇಪನ ಶೆಡ್ಡಿನ ಆಸಿಡ್ ತೊಟ್ಟಿಯಿಂದ ಡ್ರೈವರ್ ಹನುಮಂತಯ್ಯನ ಹೆಣ ತೆಗೆದಾಗ ಅವನ ಬಲಗೈಯ ಬೆರಳುಗಳೆಲ್ಲ ಒಂದೊಂದಾಗಿ ಮುರಿದಿದ್ದವು. ಠಾಣೆಯವರು ಕಾಲು ಜಾರಿ ಬಿದ್ದ ಎಂದು ಬರೆದು ಶೆಡ್ಡಿಗೆ ಬೀಗ ಹಾಕಿದರು. ಕಾಲು ಜಾರಿದವನ ಬೆರಳು ಹಾಗೆ ಮುರಿಯುವುದಿಲ್ಲ ಎಂದು ಅವನ ಹೆಂಡತಿ ಮುನಿಯಕ್ಕ ಶಶಿಕಲಾಳನ್ನು ಹುಡುಕಿಕೊಂಡು ಬಂದಿದ್ದಳು. ಯಾರೋ ಅವನನ್ನು ಏನನ್ನೋ ಕೇಳಿದ್ದರು. ಏನನ್ನು ಎಂಬುದೇ ಇಷ್ಟು ದಿನ ಗೊತ್ತಿರಲಿಲ್ಲ.

ಈಗ ಅದು ಅವಳ ಅಂಗೈಯಲ್ಲಿ, ಸೋಪಿನ ನೊರೆಯೊಳಗೆ ಇತ್ತು.

"ಇದು ಯಾರು ಕೊಟ್ಟಿದ್ದು ಸವಿತಾ?"

ಸವಿತಾ ಕೈ ಎಳೆದುಕೊಳ್ಳಲು ನೋಡಿದಳು. ಶಶಿಕಲಾ ಬಿಡಲಿಲ್ಲ. ಬಳೆಯನ್ನು ತಿರುಗಿಸಿ ಹಳದಿ ಗೆರೆ ತೋರಿಸಿದಳು. ಸವಿತಾ ಅದನ್ನು ಮೊದಲ ಸಲ ನೋಡುತ್ತಿದ್ದಳು. ಅವಳ ಮುಖದಲ್ಲಿ ಆಸೆ ಮೂಡಲಿಲ್ಲ, ಹೆದರಿಕೆ ಮೂಡಿತು. ಆಗ ಶಶಿಕಲಾಗೆ ಈ ಹುಡುಗಿಗೆ ಏನೂ ಗೊತ್ತಿಲ್ಲ ಎಂದು ಖಾತ್ರಿಯಾಯಿತು.

"ಅಕ್ಕ ಇಟ್ಟಾಳ್ರಿ," ಎಂದಳು ಸವಿತಾ. "ಕುಬಸದಾಗ."

ಅಲ್ಲಿಂದ ಮಾತು ತಾನಾಗಿ ಬಂತು. ಅಕ್ಕ ಭಾಗ್ಯಶ್ರೀ ವೈಟ್‌ಫೀಲ್ಡಿನ ವಿಲ್ಲಾ ಒಂದರಲ್ಲಿ ಮನೆಗೆಲಸಕ್ಕಿದ್ದಳು. ಮಾಲೀಕ ಅಂಬರೀಶ್‌ಗೆ ಪೀಣ್ಯದಲ್ಲಿ ಆ ಶೆಡ್ಡು. ಅವನೂ ಅವನ ಹೆಂಡತಿ ಸುಮಂಗಲಾಳೂ ದುಬೈಗೆ ಹೋಗುವಾಗ ಅಡುಗೆಗೆ ಎಂದು ಅವಳನ್ನೂ ಕರೆದೊಯ್ದಿದ್ದರು. ಯಾದಗಿರಿ ಕಡೆಯ ಹಳ್ಳಿ ಬಿಟ್ಟು ಬಂದವಳು ವಿಮಾನ ಹತ್ತಿದ್ದನ್ನು ಸಾಲಿನ ಹೆಂಗಸರೆಲ್ಲ ಇವತ್ತಿಗೂ ಆಡಿಕೊಳ್ಳುತ್ತಿದ್ದರು.

ವಾಪಸು ಬರುವ ಬೆಳಿಗ್ಗೆ ಸುಮಂಗಲಾ ಹೋಟೆಲ್ ರೂಮಿನಲ್ಲಿ ಟವೆಲ್ ಹಾಸಿ ಭಾಗ್ಯಶ್ರೀಯನ್ನು ಕೂರಿಸಿದ್ದಳಂತೆ. ಅರಿಶಿನ ಕುಂಕುಮ ಹಚ್ಚಿ, ಅಕ್ಕಿ, ಖರ್ಜೂರ, ಒಂದು ರವಿಕೆ ಬಟ್ಟೆ ಹಾಕಿ ಉಡಿ ತುಂಬಿದಳಂತೆ. ಆಮೇಲೆ ತನ್ನ ಕೈಯಾರೆ ಈ ಬಳೆಗಳನ್ನು ತೊಡಿಸಿದಳಂತೆ.

"ಗಂಡ ಬಿಟ್ಟ ಮ್ಯಾಲ ಅಕಿ ಉಡಿ ಯಾರೂ ತುಂಬಿದ್ದಿಲ್ರಿ," ಎಂದಳು ಸವಿತಾ. "ಅದನ್ನ ಹೇಳ್ಕೋತ ಅತ್ತಳು. ತನಗ ಬಂದ ಶುಭ ನನಗ ಬರ್ಲಿ ಅಂತ, ಬಿಚ್ಚಿ ನನ್ನ ಕೈಗೆ ಇಟ್ಲು. ಮುಂದ ಅಕಿ ಮಾಲಕರು ತಿರಗಿ ಕೇಳಿದ್ರಂತ, ಫೋನ್‌ನ್ಯಾಗ ಹೇಳಿದ್ಲು. ಉಡಿ ತುಂಬಿ ಇಟ್ಟಿದ್ದು ಯಾರಾರ ತಿರಗಿ ಕೇಳ್ತಾರೇನ್ರಿ? ನಗಚಾಟಿಗಿ ಅಂತಾರ ಅಂದ್ಕೊಂಡು, ಅವು ಎಲ್ಲಿ ಮುಟ್ಬೇಕಿತ್ತೋ ಅಲ್ಲಿ ಮುಟ್ಯಾವ ಅಂದಾಳ."

ಮರುದಿನದಿಂದ ಭಾಗ್ಯಶ್ರೀಯ ಫೋನ್ ಸ್ವಿಚ್ ಆಫ್.

ಶಶಿಕಲಾ ಡಬ್ಬದ ಮೇಲೆ ಮತ್ತೆ ಕೂತಳು. ಅವಳ ತಲೆಯಲ್ಲಿ ಅಂಬರೀಶ್‌ನ ಮುಖ ಬಂತು. ಹೋದ ವಾರ ಅವನು ಅವಳ ಮುಂದೆ ಸುಂಕದ ರಸೀದಿ ಹಿಡಿದು ತೋರಿಸಿದ್ದ. ದುಬೈಯಿಂದ ಹೆಂಡತಿಗೆ ವಾಚು ತಂದಿದ್ದನಂತೆ. ವಿಮಾನ ನಿಲ್ದಾಣದಲ್ಲಿ ತಾನಾಗಿಯೇ ಕೆಂಪು ದಾರಿಗೆ ಹೋಗಿ, ಸಾಲಿನಲ್ಲಿ ನಿಂತು, ಸುಂಕ ಕಟ್ಟಿ ಬಂದೆ ಎಂದಿದ್ದ. ಕಳ್ಳತನ ಮಾಡೋನು ಇದೆಲ್ಲ ಕಟ್ತಾನಾ ಮೇಡಂ ಎಂದು ಕಾಫಿ ತರಿಸಿದ್ದ. ಕೂಲಿಯವರ ಓವರ್‌ಟೈಮ್ ಕೊಡದೆ ಸತಾಯಿಸುವ ಮನುಷ್ಯ ಸರ್ಕಾರಕ್ಕೆ ಇಷ್ಟು ಉದಾರಿಯಾದದ್ದು ಅವಳಿಗೆ ಅವತ್ತೇ ಚುಚ್ಚಿತ್ತು.

ಈಗ ಅರ್ಥವಾಯಿತು. ಹೊರದೇಶದಿಂದ ಬರುವವರಿಗೆ ಅಲ್ಲಿ ಎರಡು ದಾರಿ. ಮಿತಿ ಮೀರಿದ ಬೆಲೆಯ ವಸ್ತು ತಂದವರು ಕೆಂಪು ದಾರಿಯಲ್ಲಿ ಹೋಗಿ ಹೇಳಿಕೊಂಡು ಸುಂಕ ಕಟ್ಟಬೇಕು. ಏನೂ ಇಲ್ಲದವರಿಗೆ ಹಸಿರು ದಾರಿ. ಅಂಬರೀಶ್ ಕೆಂಪು ದಾರಿಯಲ್ಲಿ ವಾಚು ಹಿಡಿದು ಅಧಿಕಾರಿಗಳ ಮುಂದೆ ದೊಡ್ಡ ಮನುಷ್ಯನಾಗಿ ನಿಂತ. ಅದೇ ಹೊತ್ತಿಗೆ ಅವನ ಮನೆಗೆಲಸದವಳು ಬಿಳಿ ಲೇಪದ ಚಿನ್ನ ಕೈಗೆ ಹಾಕಿಕೊಂಡು, ಚೀಲ ಹೊತ್ತು, ಹಸಿರು ದಾರಿಯಲ್ಲಿ ಹೊರಗೆ ಬಂದಳು. ಸ್ಟೀಲ್ ಬಳೆ ಹಾಕಿದ ಕೆಲಸದವಳನ್ನು ಯಾರು ತಡೆಯುತ್ತಾರೆ?

ಅವನು ವ್ಯಾಪಾರದ ಮೇಲೆ ಬೇರೆ ಊರಿಗೆ ಹೋಗಿ ಬರುವ ತನಕ ಬಳೆಗಳು ಅವಳ ಕೈಯಲ್ಲೇ ಇರಲಿ ಎಂದು ಬಿಟ್ಟಿದ್ದರು. ಲಾಕರಿಗಿಂತ ಭದ್ರ ಎಂದುಕೊಂಡಿರಬೇಕು. ಅಷ್ಟರಲ್ಲಿ ಭಾನುವಾರ ಬಂತು, ತಂಗಿಯ ಕುಬಸವೂ ಬಂತು. ಬಳೆ ಕಾಣದಾದಾಗ ಅನುಮಾನ ಬಿದ್ದದ್ದು, ವಿಮಾನ ನಿಲ್ದಾಣದಿಂದ ಅವಳನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಬಂದ ಹನುಮಂತಯ್ಯನ ಮೇಲೆ.

"ಈಗಲೇ ಹೋಗೋಣ," ಎಂದಳು ಶಶಿಕಲಾ. "ಕಸ್ಟಮ್ಸ್‌ನವರ ಹತ್ತಿರ ಒಬ್ಬ ಅಧಿಕಾರಿ ನನಗೆ ಗೊತ್ತು. ಬಳೆ ಅವರ ಮುಂದೆ ಇಡೋಣ, ನಡೆದದ್ದು ಹೇಳೋಣ. ಬಿಚ್ಚು."

ಬಿಚ್ಚಲು ಬರಲಿಲ್ಲ. ಬಸುರಿಯ ಕೈ ಊದಿತ್ತು. ಶಶಿಕಲಾ ಸೋಪು ಸವರಿ ಹೆಬ್ಬೆರಳು ಮಡಿಸಿ ಎಳೆದಳು. ಬಳೆ ಗೆಣ್ಣಿನವರೆಗೆ ಬಂದು ನಿಂತಿತು. ಸವಿತಾ ತುಟಿ ಕಚ್ಚಿದಳೇ ಹೊರತು ಕೂಗಲಿಲ್ಲ.

ಓಣಿಯ ತುದಿಯಲ್ಲಿ ಟ್ಯಾಂಕರಿನ ಹಾರ್ನ್ ಕೇಳಿತು. ಸಾಲಿನ ಹೆಂಗಸರೆಲ್ಲ ಕೊಡ, ಬಕೆಟ್ಟು ಹಿಡಿದು ಓಡಿದರು. ಪಂಪಿನ ಮೋಟಾರು ಶುರುವಾಗಿ ಇಡೀ ಓಣಿ ಗುಂಯ್‌ಗುಟ್ಟಿತು.

ಆ ಸದ್ದಿನಲ್ಲಿ ಕಾರು ಬಂದು ನಿಂತದ್ದು ಇಬ್ಬರಿಗೂ ಗೊತ್ತಾಗಲಿಲ್ಲ.

ಬಾಗಿಲಲ್ಲಿ ನೆರಳು ಬಿತ್ತು. ಮೊದಲು ಬಂದವಳು ಸುಮಂಗಲಾ. ತೆಳುವಾದ ರೇಷ್ಮೆ ಸೀರೆ, ಮುಂಗೈ ಮುಚ್ಚುವ ರವಿಕೆ, ಕೈಯಲ್ಲಿ ಬಾಳೆಹಣ್ಣು, ಮಲ್ಲಿಗೆಯ ಪೊಟ್ಟಣ. ಅವಳ ಹಿಂದೆ ಬಂದವನು ಆವಲಪ್ಪ, ಶೆಡ್ಡಿನ ಮೇಸ್ತ್ರಿ. ಅವನ ಕುತ್ತಿಗೆ ದಪ್ಪ, ಉಗುರುಗಳು ಆಸಿಡ್ಡಿನಿಂದ ಕಂದಿದ್ದವು. ಅವನ ಕೈಯಲ್ಲಿದ್ದ ಗೋಣಿಚೀಲದಲ್ಲಿ ಏನೋ ಉದ್ದನೆಯದು ಇತ್ತು.

"ಹ್ಯಾಂಗದೀ ತಂಗಿ?" ಎಂದಳು ಸುಮಂಗಲಾ. ಅವಳು ಗದಗ ಕಡೆಯವಳು. ತವರಿನ ಮಾತು ಬಿಟ್ಟಿರಲಿಲ್ಲ. "ನಮ್ಮ ಭಾಗ್ಯಾ ನಿನ್ನ ಬಗ್ಗೆ ಭಾಳ ಹೇಳ್ತಿದ್ಲು."

ಅವಳ ಕಣ್ಣು ಹಣೆ, ಹೊಟ್ಟೆ ಎಲ್ಲ ಬಿಟ್ಟು ನೇರ ಕೈಗೆ ಹೋಯಿತು.

ಸುಮಂಗಲಾ ಶಶಿಕಲಾಳನ್ನು ಎಂದೂ ನೋಡಿರಲಿಲ್ಲ. ಶಶಿಕಲಾ ಸವಿತಾಳ ಕೈ ಬಿಡದೆಯೇ ತಾನು ಆಶಾ ಕಾರ್ಯಕರ್ತೆ, ಊತ ನೋಡುತ್ತಿದ್ದೇನೆ, ಬಿಪಿ ಜಾಸ್ತಿ ಇರಬೇಕು, ಈಗಲೇ ಆಸ್ಪತ್ರೆಗೆ ಕರೆದೊಯ್ಯಬೇಕು ಎಂದಳು.

"ಹೋಗೋರಂತೆ," ಎಂದ ಆವಲಪ್ಪ. ಬಾಗಿಲು ಹಾಕಿ ಚಿಲಕ ಇಟ್ಟ. "ಇಂಗೆ ಬಂದು ಅಂಗೆ ಹೋಗೋ ಕೆಲ್ಸ ಅಷ್ಟೆ. ನೀನು ಆ ಮೂಲೇಲಿ ಕೂತ್ಕೊ ಅಕ್ಕಾ."

ಗೋಣಿಚೀಲದಿಂದ ಕಬ್ಬಿಣದ ಸರಳು ಕತ್ತರಿಸುವ ಕಟರ್ ಹೊರಗೆ ಬಂತು. ಅದರ ಹಿಡಿ ಮೊಣಕೈಗಿಂತ ಉದ್ದ. ಬಾಯಿ ಗಿಳಿಯ ಕೊಕ್ಕಿನ ಹಾಗೆ ದಪ್ಪವಾಗಿ ಬಾಗಿತ್ತು.

ಸುಮಂಗಲಾ ಮಲ್ಲಿಗೆಯ ಪೊಟ್ಟಣವನ್ನು ಹಾಸಿಗೆಯ ಮೇಲೆ ಇಟ್ಟಳು. ಬಳೆ ತಮ್ಮದು, ಗೊತ್ತಿಲ್ಲದೆ ಭಾಗ್ಯಶ್ರೀ ತಂದುಬಿಟ್ಟಿದ್ದಾಳೆ, ಕೊಟ್ಟುಬಿಟ್ಟರೆ ಇದಕ್ಕಿಂತ ಚಂದದ್ದು ಮಾಡಿಸಿಕೊಡುತ್ತೇನೆ ಎಂದಳು. ಜೋರು ಮಾಡಲಿಲ್ಲ. ಹೊಟ್ಟೆಯಲ್ಲಿರುವ ಕೂಸಿನ ಆಣೆ ಇಟ್ಟಳು.

ಶಶಿಕಲಾ ಲೆಕ್ಕ ಹಾಕಿದಳು. ಬಳೆ ಹೋದರೆ ಸಾಕ್ಷಿ ಹೋಗುತ್ತದೆ. ಹೋಗಲಿ. ಈ ಹುಡುಗಿಯ ಕೈ ಉಳಿಯಲಿ, ಮಗು ಉಳಿಯಲಿ. ಸವಿತಾಳ ಭುಜ ಒತ್ತಿ, ಕೊಟ್ಟುಬಿಡು ಎಂದು ಕಣ್ಣಲ್ಲೇ ಹೇಳಿದಳು.

ಸವಿತಾ ಎರಡೂ ಕೈಗಳನ್ನು ಹೊಟ್ಟೆಯ ಕೆಳಗೆ ಸೇರಿಸಿಕೊಂಡಳು.

"ಅಕ್ಕ ಎಲ್ಲಿ ಅದಾಳ ಹೇಳ್ರಿ. ಆಮ್ಯಾಗ ಕೊಡ್ತೀನಿ."

ಆವಲಪ್ಪನ ಏಟು ಅವಳ ಕಪಾಳಕ್ಕೆ ಬಿತ್ತು. ಅಂಗೈಯಿಂದಲ್ಲ, ಕಟರಿನ ಹಿಡಿಯಿಂದ. ಸವಿತಾ ಪಕ್ಕಕ್ಕೆ ವಾಲಿದಳು. ತುಟಿ ಒಡೆದು ರಕ್ತ ಗಲ್ಲದ ಮೇಲೆ ಇಳಿಯಿತು. ಅವನು ಅವಳ ಬಲಗೈ ಎಳೆದು ಮಣೆಯ ಮೇಲೆ ಒತ್ತಿ, ಮೇಲೆ ಮೊಣಕಾಲು ಇಟ್ಟ. ಗಾಜಿನ ಬಳೆಗಳೆಲ್ಲ ಒಟ್ಟಿಗೆ ಒಡೆದವು. ಚೂರುಗಳು ಅವಳ ಚರ್ಮಕ್ಕೆ ಹೊಕ್ಕವು. ಅವಳು ಕೂಗಿದ್ದನ್ನು ಟ್ಯಾಂಕರಿನ ಮೋಟಾರು ನುಂಗಿತು.

ಕಟರಿನ ಬಾಯಿ ಬಳೆಯ ಕೆಳಗೆ ಹೋಗಲಿಲ್ಲ. ಬಳೆಗೂ ಮುಂಗೈಗೂ ನಡುವೆ ಜಾಗವಿರಲಿಲ್ಲ.

"ಆಗಲ್ಲಕ್ಕೋ," ಎಂದ ಆವಲಪ್ಪ, ಸುಮಂಗಲಾಳ ಕಡೆ ತಿರುಗದೆ. "ಕೈ ಸಮೇತ ತೆಗೀಬೇಕಾಯ್ತದೆ."

ಸುಮಂಗಲಾ ಮುಖ ಗೋಡೆಯ ಕಡೆ ತಿರುಗಿಸಿದಳು. ಅವನಿಗೆ ಅಷ್ಟು ಸಾಕಿತ್ತು. ಕಟರಿನ ಬಾಯಿಯನ್ನು ಪೂರ್ತಿ ಅಗಲಿಸಿ ಮಣಿಕಟ್ಟಿಗೆ ಇಟ್ಟ.

ಶಶಿಕಲಾ ಅವನ ಮೇಲೆ ಬಿದ್ದಳು.

ಅವಳಿಗೆ ಯೋಚಿಸಲು ಹೊತ್ತಿರಲಿಲ್ಲ. ಎಡಗೈ ಕಟರಿನ ಬಾಯಿಗೆ ಅಡ್ಡ ಹೋಯಿತು. ಹಿಡಿಗಳು ಒಂದಕ್ಕೊಂದು ಹತ್ತಿರವಾದವು. ಕಬ್ಬಿನ ಗೆಣ್ಣು ಮುರಿದಂತೆ ಒಂದು ಸಣ್ಣ ಸದ್ದು. ಅವಳು ನೋಡುವಷ್ಟರಲ್ಲಿ ಕಿರುಬೆರಳಿನ ಅರ್ಧ ಬಚ್ಚಲ ನೊರೆಯಲ್ಲಿ ಬಿದ್ದಿತ್ತು. ನೋವು ಇನ್ನೂ ಬಂದಿರಲಿಲ್ಲ.

ನೋವು ಬರುವ ಮೊದಲೇ ಅವಳ ಬಲಗೈ ಒಲೆಯ ಮೇಲೆ ಕುದಿಯುತ್ತಿದ್ದ ಬೇಳೆಯ ಪಾತ್ರೆಯನ್ನು ಎತ್ತಿತ್ತು. ಅವನ ಮುಖಕ್ಕೆ ಸುರಿಯಿತು.

ಆವಲಪ್ಪ ಎರಡೂ ಕೈಗಳಿಂದ ಕಣ್ಣು ಮುಚ್ಚಿಕೊಂಡು ಎದ್ದ. ಬೇಳೆ ಗಡ್ಡಕ್ಕೆ, ಕುತ್ತಿಗೆಗೆ ಅಂಟಿ ಸುಡುತ್ತಿತ್ತು. ಕುರುಡನಂತೆ ಕಾಲು ಬೀಸಿದ. ಮೊದಲ ಒದೆತ ಶಶಿಕಲಾಳ ಪಕ್ಕೆಗೆ ಬಿತ್ತು, ಎರಡನೆಯದು ಸವಿತಾಳ ಹೊಟ್ಟೆಯ ಪಕ್ಕದ ಗೋಡೆಗೆ. ಗೋಡೆಯ ಗಾರೆ ಉದುರಿತು.

ಆ ಒದೆತ ಒಂದು ಗೇಣು ಈಚೆ ಬಿದ್ದಿದ್ದರೆ ಎಂದು ಶಶಿಕಲಾಗೆ ಹೊಳೆದದ್ದೇ ತಡ. ನೆಲದ ಮೇಲಿದ್ದ ಕಟರ್ ಎತ್ತಿ ಬೀಸಿದಳು. ಅದು ಅವನ ಮೊಣಕಾಲಿನ ಚಿಪ್ಪಿಗೆ ತಗುಲಿತು. ಅವನು ಬಗ್ಗಿದ. ಎರಡನೆಯ ಸಲ ಬೀಸಿದಾಗ ಕಿವಿಯ ಹಿಂದೆ ಬಿತ್ತು. ಬೀಳುವಾಗ ಅವನ ತಲೆ ಒರಳುಕಲ್ಲಿನ ಅಂಚಿಗೆ ಬಡಿಯಿತು.

ಮತ್ತೆ ಅವನು ಅಲುಗಾಡಲಿಲ್ಲ.

ಸುಮಂಗಲಾ ಚಿಲಕದ ಮೇಲೆ ಕೈ ಇಟ್ಟು ನಿಂತಿದ್ದಳು. ಶಶಿಕಲಾ ಅವಳ ಜುಟ್ಟು ಹಿಡಿದು ನೆಲಕ್ಕೆ ಕೂರಿಸಿದಳು. ಎಡಗೈಗೆ ಸವಿತಾಳ ಹಳೆ ಸೀರೆಯ ತುಂಡು ಸುತ್ತಿದಳು. ಬಟ್ಟೆ ಆಗಲೇ ಕೆಂಪಗಾಯಿತು. ಈಗ ನೋವು ಬಂತು, ಭುಜದವರೆಗೆ.

"ಹನುಮಂತಯ್ಯನ್ನ ಕೊಂದಿದ್ದು ಯಾರು?"

ಸುಮಂಗಲಾ ರವಿಕೆಯ ತೋಳು ಮೇಲೆ ಸರಿಸಿ ತೋರಿಸಿದಳು. ಮುಂಗೈಯಿಂದ ಮೊಣಕೈವರೆಗೆ ಚರ್ಮ ಸುಟ್ಟು ಸುಕ್ಕಾಗಿತ್ತು, ಹಸಿಯಾಗಿತ್ತು.

"ನಾ ಅವನ ಹೆಸರು ಹೇಳಿದೆ," ಎಂದಳು. "ಡ್ರೈವರ್ ಹತ್ರ ಇರಬೇಕು ಅಂದೆ. ಏನರ ಒಂದು ಹೇಳಬೇಕಿತ್ತು ನನಗ. ಅವನ ಹತ್ರ ಇರಲಿಲ್ಲ."

ಉಡಿ ತುಂಬಿದ್ದಕ್ಕೇ ಗಂಡ ಅವಳ ಕೈ ಸುಟ್ಟಿದ್ದನಂತೆ. ಸುಮ್ಮನೆ ಬಳೆ ಹಾಕು ಎಂದರೆ ಆಗುತ್ತಿತ್ತು, ಶಾಸ್ತ್ರ ಯಾಕೆ ಮಾಡಿದೆ ಎಂದು. ಹಾಗೆ ಸುಮ್ಮನೆ ಹಾಕಿದ್ದರೆ ಭಾಗ್ಯಶ್ರೀಗೆ ಸಂಶಯ ಬರುತ್ತಿತ್ತು, ದಾರಿಯಲ್ಲಿ ಯಾರಾದರೂ ಕೇಳಿದರೆ ತಡವರಿಸುತ್ತಿದ್ದಳು, ತನ್ನದೆಂದು ನಂಬಿದವಳು ತಡವರಿಸುವುದಿಲ್ಲ ಎಂದು ಸುಮಂಗಲಾಳೇ ಉಪಾಯ ಹೂಡಿದ್ದಳು. ನಿನ್ನೆ ರಾತ್ರಿ ನಿದ್ದೆ ಬಾರದೆ ಮಲಗಿದ್ದಾಗ, ಭಾಗ್ಯಶ್ರೀ ಭಾನುವಾರ ರಜೆ ಕೇಳಿದ್ದು ಯಾಕೆ ಎಂಬುದು ನೆನಪಾಯಿತಂತೆ. ಕುಬಸ ಎಂದರೆ ಬಳೆ. ತವರಿನ ಕಡೆಯ ಯಾವ ಹೆಂಗಸಿಗಾದರೂ ಅದು ಹೊಳೆಯಬೇಕಿತ್ತು. ಗಂಡನಿಗೆ ಮಾತ್ರ ಹೇಳಲಿಲ್ಲ. ಮತ್ತೊಮ್ಮೆ ತಪ್ಪಾದರೆ ಎಂದು, ಹುಡುಕಲು ಹೋಗುತ್ತೇನೆ ಎಂದಷ್ಟೇ ಹೇಳಿ ಆವಲಪ್ಪನ ಜೊತೆ ಬಂದಿದ್ದಳು.

"ಅಕ್ಕ," ಎಂದಳು ಸವಿತಾ. ತುಟಿಯ ರಕ್ತ ಒರೆಸಿಕೊಂಡಿರಲಿಲ್ಲ.

ಸುಮಂಗಲಾ ನೆಲ ನೋಡಿದಳು.

"ಜೀವ ಅದ. ಬಾಯಿ ಬಿಡವಲ್ಲಳು. ದಿನಕ್ಕೊಂದು ಬೆರಳು ಮುರೀಲಿಕತ್ತಾನ."

ಎಲ್ಲಿ ಎಂದು ಶಶಿಕಲಾ ಕೇಳಿದಳು. ಶೆಡ್ಡಿಗೆ ಬೀಗ ಬಿದ್ದ ಮೇಲೆ ಬೇರೆ ಕಡೆ ಇಟ್ಟಿದ್ದಾನೆ, ತನಗೆ ಹೇಳಿಲ್ಲ ಎಂದಳು ಸುಮಂಗಲಾ. ಗೊತ್ತಿರುವುದು ಒಬ್ಬನಿಗೆ. ಊಟ ತೆಗೆದುಕೊಂಡು ಹೋಗುತ್ತಿದ್ದವನು ಆವಲಪ್ಪ.

ಶಶಿಕಲಾ ಅವನ ಬಳಿ ಮೊಣಕಾಲೂರಿ ಕತ್ತಿನ ನರ ಮುಟ್ಟಿ ನೋಡಿದಳು. ಕಿವಿಯಿಂದ ಸಣ್ಣಗೆ ರಕ್ತ ಇಳಿಯುತ್ತಿತ್ತು. ನಾಡಿ ಇತ್ತು, ನಿಂತು ನಿಂತು ಬರುತ್ತಿತ್ತು. ಕೆನ್ನೆ ತಟ್ಟಿದಳು. ರೆಪ್ಪೆ ಎತ್ತಿ ನೋಡಿದಳು. ಒಂದು ಕಣ್ಣಿನ ಪಾಪೆ ಅಗಲವಾಗಿತ್ತು, ಇನ್ನೊಂದರದು ಸಣ್ಣಗಿತ್ತು. ಠಾಣೆಯಲ್ಲಿದ್ದಾಗ ಅಂಥ ಕಣ್ಣುಗಳನ್ನು ಅವಳು ನೋಡಿದ್ದಳು. ಅವರಲ್ಲಿ ಯಾರೂ ಮತ್ತೆ ಮಾತಾಡಿರಲಿಲ್ಲ.

ಅವಳ ಮನಸ್ಸಿಗೆ ಒಂದು ವಿಷಯ ಸ್ಪಷ್ಟವಾಗಿತ್ತು. ಬಳೆ ಎಲ್ಲಿದೆ ಎಂದು ಅಂಬರೀಶ್‌ಗೆ ಗೊತ್ತಿಲ್ಲದಿರುವ ತನಕ ಭಾಗ್ಯಶ್ರೀ ಬದುಕಿರುತ್ತಾಳೆ. ಗೊತ್ತಾದ ಕ್ಷಣದಿಂದ ಅವಳು ಅವನಿಗೆ ಬೇಡದ ಸಾಕ್ಷಿ. ಇದನ್ನು ಸವಿತಾಳ ಮುಂದೆ ಬಾಯಿಬಿಟ್ಟು ಹೇಳಲು ಅವಳಿಂದ ಆಗಲಿಲ್ಲ. ಮೊದಲು ಆಂಬುಲೆನ್ಸ್ ಕರೆಯಬೇಕು, ಆಮೇಲೆ ಹೇಳೋಣ ಎಂದುಕೊಂಡು ಫೋನಿಗಾಗಿ ಚೀಲ ತಡಕಿದಳು. ಒಂದೇ ಕೈಯಲ್ಲಿ ಜಿಪ್ ತೆಗೆಯಲು ಬರಲಿಲ್ಲ.

ಅಷ್ಟರಲ್ಲಿ ಬೇರೊಂದು ಫೋನು ಹೊಡೆದುಕೊಂಡಿತು.

ಅದು ಸುಮಂಗಲಾಳದು. ಜಗ್ಗಾಟದಲ್ಲಿ ಸೊಂಟದಿಂದ ಜಾರಿ ಸವಿತಾಳ ಕಾಲ ಬಳಿ ಬಿದ್ದಿತ್ತು. ಪರದೆಯ ಮೇಲೆ ಸೂಟು ಹಾಕಿದ ಅಂಬರೀಶ್ ನಗುತ್ತಿದ್ದ.

ಶಶಿಕಲಾ ಬೇಡ ಎನ್ನುವಷ್ಟರಲ್ಲಿ ಸವಿತಾ ಎತ್ತಿದ್ದಳು. ಸ್ಪೀಕರ್ ಒತ್ತಿದ್ದಳು.

"ಸಿಕ್ತಾ?" ಎಂದಿತು ಆ ಕಡೆಯ ಧ್ವನಿ.

ಶಶಿಕಲಾ ತಲೆ ಅಡ್ಡಡ್ಡ ಅಲ್ಲಾಡಿಸಿದಳು. ರಕ್ತದ ಕೈಯನ್ನು ಬಾಯಿಗೆ ಅಡ್ಡ ಹಿಡಿದು ತೋರಿಸಿದಳು. ಸವಿತಾ ಅವಳನ್ನು ನೋಡಿದಳು, ನೋಡಿಯೂ ನಿಲ್ಲಲಿಲ್ಲ. ಅಕ್ಕನ ಉಳಿದ ಬೆರಳುಗಳ ಹೊರತು ಅವಳ ತಲೆಯಲ್ಲಿ ಬೇರೇನೂ ಇರಲಿಲ್ಲ.

"ಸಿಕ್ಕಾವ್ರಿ," ಎಂದಳು. "ನನ್ನ ಕೈಯಾಗ ಅವ. ನಾ ಭಾಗ್ಯಶ್ರೀ ತಂಗಿ. ಇನ್ ಮ್ಯಾಲ ಅಕಿಗಿ ಏನೂ ಕೇಳಬ್ಯಾಡ್ರಿ."

ಸುಮಂಗಲಾ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು.

ಆ ಕಡೆ ಲೈನ್ ಕಟ್ಟಾಗಿರಲಿಲ್ಲ. ಯಾವುದೋ ಕಬ್ಬಿಣದ ಬಾಗಿಲು ತೆರೆದ ಸದ್ದು ಬಂತು. ಆಮೇಲೆ ಖಾಲಿ ಜಾಗದಲ್ಲಿ ನಡೆದು ಹೋಗುವ ಹೆಜ್ಜೆಗಳು, ನಿಧಾನವಾಗಿ, ಅವಸರವಿಲ್ಲದೆ. ಹೆಜ್ಜೆಗಳು ನಿಂತವು.

ಸವಿತಾ ಫೋನನ್ನು ಬಾಯಿಗೆ ಇನ್ನಷ್ಟು ಹತ್ತಿರ ತಂದಳು.

"ಅಕ್ಕನ ಕೈಯಾಗ ಫೋನ್ ಕೊಡ್ರಿ," ಎಂದಳು.

ಕಾದಳು. ಮತ್ತೆ ಅದೇ ಧ್ವನಿಯಲ್ಲಿ ಕೇಳಿದಳು.

"ಅಕ್ಕನ ಕೈಯಾಗ ಫೋನ್ ಕೊಡ್ರಿ."